ಇಂದಿನ ಧಮ್ಮ ಚಿಂತನ: ಯಾರೂ ಕೇಳದ ಊರಿನಲ್ಲಿ





ಇಂದಿನ ಚಿಂತನೆಗೆ ಒಂದು ಪ್ರಶ್ನೆ. *ನಮ್ಮ ಜಾತಿ ಯಾರಿಗೂ ಗೊತ್ತಿಲ್ಲದ ಕಡೆ ನಮಗೆ ಸಿಗುವ ಗೌರವ ನಿಜವಾದ ಸಮಾನತೆಯೇ?* ಬರಹ ಸ್ವಲ್ಪ ಉದ್ದ ಇದೆ. ಬೆಳಿಗ್ಗೆ ಅವಸರದಲ್ಲಿದ್ದವರು ಸಂಜೆ ವಂದನೆ ಮುಗಿಸಿ ಸಮಾಧಾನದಿಂದ ಓದಿರಿ.

ಈ ಪ್ರಶ್ನೆ ನನಗೆ ಜಪಾನಿನಿಂದ ಬಂತು. ನಾನು ನವಲಗುಂದ ತಾಲೂಕಿನ ಒಂದು ಹಳ್ಳಿಯ ಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ನನ್ನ ಹತ್ತಿರ ಕಲಿತ ಒಬ್ಬ ಹುಡುಗಿ, ನಮ್ಮ ಕೇರಿಯವಳೇ, ನರ್ಸಿಂಗ್ ಓದಿ, ಬೆಂಗಳೂರಿನಲ್ಲಿ ಜಪಾನಿ ಭಾಷೆ ಕಲಿತು, ಪರೀಕ್ಷೆ ಪಾಸು ಮಾಡಿ, ಟೋಕಿಯೋ ಹತ್ತಿರದ ಒಂದು ವೃದ್ಧರ ಆರೈಕೆ ಮನೆಯಲ್ಲಿ ಕೆಲಸಕ್ಕೆ ಸೇರಿದ್ದಾಳೆ. ಆ ದೇಶದಲ್ಲಿ ನೂರಕ್ಕೆ ಸುಮಾರು 29 ಜನ 65 ವರ್ಷ ದಾಟಿದವರು. ನೋಡಿಕೊಳ್ಳಲು ಕೈಗಳು ಸಾಲುವುದಿಲ್ಲ. ಅದಕ್ಕಾಗಿ 2021ರಲ್ಲಿ ಭಾರತ ಮತ್ತು ಜಪಾನ್ ಒಂದು ಒಪ್ಪಂದ ಮಾಡಿಕೊಂಡವು. ಆ ದಾರಿಯಲ್ಲಿ ನಮ್ಮ ಕಡೆಯ ಹುಡುಗ ಹುಡುಗಿಯರೂ ಹೋಗುತ್ತಿದ್ದಾರೆ. ಆಕೆಯ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಹೆಸರು, ಊರು ಹೇಳುವುದಿಲ್ಲ.

ವಾರಕ್ಕೊಮ್ಮೆ ಆಕೆ ವಾಟ್ಸಪ್‌ನಲ್ಲಿ ಧ್ವನಿ ಸಂದೇಶ ಕಳಿಸುತ್ತಾಳೆ. ದೊಡ್ಡ ಕಟ್ಟಡ, ಬುಲೆಟ್ ರೈಲು ಇವುಗಳ ಸುದ್ದಿ ಅದರಲ್ಲಿ ಕಡಿಮೆ. ಆಕೆ ಹೇಳುವುದೆಲ್ಲ ಸಣ್ಣ ಸಣ್ಣ ಸಂಗತಿ. ಕೇಳಿದಷ್ಟೂ ನನಗೆ ಅವು ಸಣ್ಣವು ಅನಿಸುವುದಿಲ್ಲ.

ಮೊದಲನೆಯದು "ಸಾನ್" ಎಂಬ ಒಂದು ಶಬ್ದ. ಜಪಾನಿನಲ್ಲಿ ಸಾಮಾನ್ಯವಾಗಿ ಹೆಸರು ಹಿಡಿದು ಕರೆಯುವಾಗ ಹೆಸರಿನ ಕೊನೆಗೆ "ಸಾನ್" ಹಚ್ಚುತ್ತಾರೆ. ನಮ್ಮ ಧಾರವಾಡದ "ರೀ" ಇದ್ದಂತೆ. ಆಕೆ ಹೇಳಿದ್ದು: "ಸರ್, ಇಲ್ಲೆ ನಮ್ಮ ಮ್ಯಾನೇಜರ್‌ಗೂ ಸಾನ್, ನೆಲಾ ಒರಸೋ ಅಜ್ಜಾಗೂ ಸಾನ್, ನನಗೂ ಸಾನ್ ರೀ." ಕನ್ನಡ ಎಂ.ಎ. ಓದಿದ ನನಗೆ "ರೀ" ಎಂಬುದು ನಮ್ಮ ಭಾಷೆಯ ಸಕ್ಕರೆ ಎಂದು ಪಾಠ ಮಾಡಿ ಗೊತ್ತು. ಆದರೆ ಆ ಸಕ್ಕರೆ ಎಲ್ಲರ ಚಹಾಕ್ಕೂ ಬಿದ್ದಿಲ್ಲ. ಅರವತ್ತು ವರ್ಷದ ನಮ್ಮ ದುರ್ಗಪ್ಪಜ್ಜ ಊರೊಳಗೆ ಹೋದರೆ ಹತ್ತು ವರ್ಷದ ಹುಡುಗನ ಬಾಯಲ್ಲಿ "ಏ ದುರಗ್ಯಾ" ಆಗುತ್ತಾನೆ. ಹುಡುಗನಿಗೆ ಅದು ಬೈಗುಳ ಅಂತಲೂ ಗೊತ್ತಿಲ್ಲ. ಮನೆಯಲ್ಲಿ ಕೇಳಿದ್ದನ್ನು ಹೇಳುತ್ತಾನೆ. ಜಾತಿ ಹಾಗೆ ವ್ಯಾಕರಣದಲ್ಲೇ ಕೂತುಬಿಟ್ಟಿದೆ.

ಎರಡನೆಯದು ಕೆಲಸ ಮುಗಿದಾಗ ಹೇಳುವ ಮಾತು. ಪಾಳಿ ಮುಗಿಸಿ ಹೊರಡುವಾಗ ಒಬ್ಬರಿಗೊಬ್ಬರು "ಓತ್ಸುಕಾರೆಸಾಮಾ" ಅನ್ನುತ್ತಾರಂತೆ. ನಮ್ಮ ಮಾತಿನಲ್ಲಿ ಹೇಳಬೇಕೆಂದರೆ "ಬಾಳ ದಣದ್ರಿ". ಆಕೆಯ ಕೆಲಸ ಏನು ಗೊತ್ತೇ? ಹಾಸಿಗೆ ಹಿಡಿದ ಮುದುಕ ಮುದುಕಿಯರನ್ನು ಎತ್ತಿ ಕೂಡಿಸುವುದು, ಉಣಿಸುವುದು, ಮೈ ತೊಳೆಯುವುದು, ಹೇಲು ಉಚ್ಚೆ ತೆಗೆದು ಬಟ್ಟೆ ಬದಲಿಸುವುದು. ನಮ್ಮ ಹಿರಿಯರ ತಲೆಯ ಮೇಲೆ ಹೊಲಸು ಹೊರಿಸಿ, ಹೊತ್ತದ್ದಕ್ಕೇ ಅವರನ್ನು ಹೊಲಸು ಅಂದ ನಾಡು ನಮ್ಮದು. ಅಲ್ಲಿ ಅದೇ ಬಗೆಯ ಕೆಲಸಕ್ಕೆ ತರಬೇತಿ ಇದೆ, ಪರೀಕ್ಷೆ ಇದೆ, ಸಂಬಳದ ಚೀಟಿ ಇದೆ, ಕೊನೆಗೆ "ದಣದ್ರಿ" ಅನ್ನುವ ಮಾತೂ ಇದೆ. ಹೊಲಸು ಕೆಲಸ ಅಂತ ಒಂದು ಇರಬಹುದು, ಹೊಲಸು ಮನುಷ್ಯ ಅಂತ ಒಬ್ಬ ಇಲ್ಲ. ಇದನ್ನು ಬಾಬಾಸಾಹೇಬರಿಂದ ನಾವು ಕಲಿತಿದ್ದೇವೆ. ಆಕೆ ಅಲ್ಲಿ ದಿನಾ ಪಾಳಿ ಮುಗಿದಾಗ ಅದನ್ನು ಕಿವಿಯಾರೆ ಕೇಳುತ್ತಾಳೆ.

ಮೂರನೆಯದು ಶಾಲೆಯದು. ನನ್ನ ಕಸುಬಿನದಾದ್ದರಿಂದ ಇದು ನನ್ನ ಮನಸ್ಸಿನಲ್ಲಿ ಹೆಚ್ಚು ಉಳಿಯಿತು. ಜಪಾನಿನ ಶಾಲೆಗಳಲ್ಲಿ ಮಕ್ಕಳೇ ಪಾಳಿ ಪ್ರಕಾರ ತರಗತಿ, ಪಡಸಾಲೆ ಸ್ವಚ್ಛ ಮಾಡುತ್ತಾರೆ. ಅನೇಕ ಕಡೆ ಶೌಚಾಲಯವೂ ಅದರಲ್ಲಿ ಸೇರಿರುತ್ತದೆ. ನಮ್ಮಲ್ಲೂ ಮಕ್ಕಳು ಕಸ ಹೊಡೆಯುತ್ತಾರೆ. ಆದರೆ ಯಾವ ಮಕ್ಕಳು? 2023ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯ ಒಂದು ವಸತಿ ಶಾಲೆಯಲ್ಲಿ ದಲಿತ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿದ ಸುದ್ದಿ ನೀವೆಲ್ಲ ಓದಿದ್ದೀರಿ. ಪೊರಕೆ ಕೆಟ್ಟದ್ದಲ್ಲ. ಅದನ್ನು ಹಾಜರಿ ಪುಸ್ತಕದ ಸಾಲು ನೋಡಿ ಕೊಡುತ್ತೇವೋ, ಹುಟ್ಟು ನೋಡಿ ಕೊಡುತ್ತೇವೋ, ಅದೇ ಪ್ರಶ್ನೆ. ನಮ್ಮ ಶಾಲೆಯಲ್ಲಿ ಹಾಜರಿ ನಂಬರಿನ ಪ್ರಕಾರ ಪಾಳಿ ಹಚ್ಚಿದಾಗ ಇಬ್ಬರು ಪಾಲಕರು ತಕರಾರು ತಂದರು. ಅವರ ತಕರಾರಿನಿಂದಲೇ ಈ ಪಾಳಿ ಎಷ್ಟು ಅಗತ್ಯ ಎಂಬುದು ಉಳಿದವರಿಗೆ ತಿಳಿಯಿತು.

ನಾಲ್ಕನೆಯದು ನೀರು. ಅಲ್ಲಿ "ಸೆಂತೋ" ಎಂಬ ಸಾರ್ವಜನಿಕ ಸ್ನಾನದ ಮನೆಗಳಿವೆ. ಹೆಂಗಸರಿಗೆ ಬೇರೆ, ಗಂಡಸರಿಗೆ ಬೇರೆ. ಮೊದಲು ಹೊರಗೆ ಕೂತು ಮೈ ಚೆನ್ನಾಗಿ ತೊಳೆದುಕೊಂಡು, ಆಮೇಲೆ ಎಲ್ಲರೂ ಒಂದೇ ದೊಡ್ಡ ಬಿಸಿನೀರಿನ ತೊಟ್ಟಿಗೆ ಇಳಿಯುತ್ತಾರೆ. ಜೊತೆಯ ಕೆಲಸದವರು ಈಕೆಯನ್ನು ಕರೆದುಕೊಂಡು ಹೋದರು. ಸಂದೇಶದಲ್ಲಿ ಆಕೆಯ ದನಿ ನಡುಗಿತ್ತು: "ಸರ್, ನಾ ನೀರಾಗ ಇಳದೆ. ಯಾರೂ ಎದ್ದು ಹೋಗಲಿಲ್ರಿ. ಆಗ ನಮ್ಮಜ್ಜಿ ನೆನಪಾದ್ಳು." ನಮ್ಮ ಎರೆಭೂಮಿಯಲ್ಲಿ ಬಾವಿಯ ನೀರು ಸವಳು. ಕುಡಿಯಲು ಕೆರೆಯೇ ಗತಿ. ಆ ಕೆರೆಯ ದಂಡೆಯಲ್ಲಿ ಬರಿ ಕೊಡ ಹಿಡಿದು, ಯಾರಾದರೂ ಮೇಲಿನಿಂದ ನೀರು ಹಾಕಲಿ ಅಂತ ತಾಸುಗಟ್ಟಲೆ ನಿಂತ ಅಜ್ಜಿಯರು ನಮ್ಮ ಎಲ್ಲರ ಮನೆಯಲ್ಲೂ ಇದ್ದರು. 1927ರ ಮಾರ್ಚ್ 20ರಂದು ಮಹಾಡದ ಚವದಾರ ಕೆರೆಯಲ್ಲಿ ಬಾಬಾಸಾಹೇಬರು ಬೊಗಸೆ ನೀರು ಎತ್ತಿದ್ದು ಆ ಅಜ್ಜಿಯರ ಪರವಾಗಿ.

ಇನ್ನೂ ಒಂದು ಸಂಗತಿ ಹೇಳಬೇಕು. ಆ ಮನೆಯಲ್ಲಿ ತೊಂಬತ್ತು ದಾಟಿದ ಒಬ್ಬ ಅಜ್ಜಿ ಇದ್ದಾರಂತೆ. ಈಕೆ ಭಾರತದವಳು ಅಂತ ತಿಳಿದ ದಿನ, "ಓಶಾಕಾಸಾಮಾನ ದೇಶದವಳು" ಅನ್ನುತ್ತ ಕೈ ಮುಗಿದರಂತೆ. ಜಪಾನಿ ಹಿರಿಯರು ಶಾಕ್ಯಮುನಿ ಬುದ್ಧರನ್ನು ಹಾಗೆ ಕರೆಯುತ್ತಾರೆ. ಯಾವ ನಾಡಿನಲ್ಲಿ ಈ ಹುಡುಗಿಯ ಕೈಯಿಂದ ನೀರು ಇಸಿದುಕೊಳ್ಳಲು ಹಿಂಜರಿಯುತ್ತಾರೋ, ಆ ನಾಡಿನವಳು ಎಂಬ ಕಾರಣಕ್ಕೇ ಆ ಅಜ್ಜಿ ಆಕೆಯ ಕೈ ಹಿಡಿದು ಹಣೆಗೆ ಒತ್ತಿಕೊಂಡರು.

ಇಷ್ಟೆಲ್ಲ ಹೇಳಿ ಆಕೆ ಕೊನೆಗೆ ಅಂದದ್ದು: "ಸರ್, ಇಲ್ಲೆ ನಾ ಬರೇ ಪರದೇಶದಾಕಿ. ಯಾವ ಓಣಿ, ಯಾರ ಪೈಕಿ ಅಂತ ಒಬ್ಬರೂ ಕೇಳೂದಿಲ್ಲ. ಕೇಳಿದ್ರೂ ನನ್ನ ಅಡ್ಡಹೆಸರಿನಾಗ ಅವರಿಗೆ ಏನೂ ತಿಳಿಯೂದಿಲ್ಲ. ಎದಿ ಮ್ಯಾಲಿನ ಕಲ್ಲ ಇಳದಂಗ ಆಗೇತ್ರಿ."

ಈ ಮಾತು ಕೇಳಿ ನನಗೆ ಬಾಬಾಸಾಹೇಬರ 'ವೇಟಿಂಗ್ ಫಾರ್ ಎ ವೀಸಾ' ಬರಹ ನೆನಪಾಯಿತು. 1913ರಲ್ಲಿ ಅವರು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದರು, ಅಲ್ಲಿಂದ ಲಂಡನ್ನಿಗೆ. ಆ ವರ್ಷಗಳ ಪರದೇಶ ವಾಸ ತಾನು ಅಸ್ಪೃಶ್ಯ ಎಂಬ ಅರಿವನ್ನೇ ತಮ್ಮ ಮನಸ್ಸಿನಿಂದ ಅಳಿಸಿಹಾಕಿತ್ತು ಎಂದು ಅವರು ಬರೆದಿದ್ದಾರೆ. 1917ರಲ್ಲಿ ಬರೋಡಾ ರೈಲು ನಿಲ್ದಾಣದಲ್ಲಿ ಇಳಿದಾಗ, ಎಲ್ಲಿ ಉಳಿಯಬೇಕು ಎಂಬ ಪ್ರಶ್ನೆಯೊಂದಿಗೆ ಆ ಅರಿವು ಮರಳಿ ಬಂತು. ಪಾರ್ಸಿಗಳ ವಸತಿಗೃಹದಲ್ಲಿ ಪಾರ್ಸಿ ಹೆಸರಿನಲ್ಲಿ ಉಳಿದರು. ಹನ್ನೊಂದನೆಯ ದಿನ ಬಡಿಗೆ ಹಿಡಿದ ಪಾರ್ಸಿಗಳು ಬಂದು ನಿಂತರು. ಕೊಲಂಬಿಯಾದ ವಿದ್ವಾಂಸ ಬೀದಿಗೆ ಬಿದ್ದರು.

ಆ ಹತ್ತು ದಿನ ಅವರಿಗೆ ಸಿಕ್ಕಿದ್ದು ಒಂದು ಕೋಣೆ. ಅದನ್ನು ಸಮಾನತೆ ಅನ್ನಲಾಗದು. ಹೆಸರು ಬಯಲಾದ ಗಳಿಗೆಗೆ ಕೋಣೆಯೂ ಹೋಯಿತು. *ಗೊತ್ತಿಲ್ಲದ್ದರಿಂದ ಸಿಕ್ಕ ಗೌರವ, ಗೊತ್ತಾದ ದಿನ ಹೋಗುತ್ತದೆ.* ಅದು ಸಾಲ ತಂದ ಅಂಗಿಯಂತೆ. ಕೊಟ್ಟವನು ಎದುರಿಗೆ ಬಂದರೆ ಎದೆ ಹೊಡೆದುಕೊಳ್ಳುತ್ತದೆ.

ಹಾಗಾದರೆ ಜಪಾನಿನಲ್ಲಿ ಭೇದ ಇಲ್ಲವೇ? ಆಕೆಯ ಸಂದೇಶ ಕೇಳುತ್ತ ಕೇಳುತ್ತ ನಾನು ಆ ದೇಶದ ಬಗ್ಗೆ ಓದತೊಡಗಿದೆ. ಬುದ್ಧನ ಹೆಸರು ಹೇಳುವ ದೇಶ ಅಂದಕೂಡಲೇ ನಮಗೆ ಅಭಿಮಾನ ಉಕ್ಕುತ್ತದೆ. ಆದರೆ ಕಣ್ಣು ತೆರೆದು ನೋಡುವುದೂ ಬುದ್ಧನೇ ಕಲಿಸಿದ್ದು. ಪರದೇಶದವರಿಗೆ ಅಲ್ಲಿ ಮನೆ ಸಿಗುವುದು ಸುಲಭವಲ್ಲ. 2017ರಲ್ಲಿ ಅಲ್ಲಿನ ನ್ಯಾಯ ಸಚಿವಾಲಯ ಪ್ರಕಟಿಸಿದ ಸಮೀಕ್ಷೆಯಲ್ಲಿ, ಬಾಡಿಗೆ ಮನೆ ಹುಡುಕಿದ ವಿದೇಶಿಯರಲ್ಲಿ ನೂರಕ್ಕೆ ಸುಮಾರು 39 ಜನ ವಿದೇಶಿ ಎಂಬ ಕಾರಣಕ್ಕೇ ಮನೆ ನಿರಾಕರಿಸಿದರು ಎಂದಿದ್ದಾರೆ. ಹುಬ್ಬಳ್ಳಿಯಲ್ಲಿ, ಧಾರವಾಡದಲ್ಲಿ ಬಾಡಿಗೆ ಮನೆ ಹುಡುಕಿದ ನಮ್ಮವರಿಗೆ ಈ ಅಂಕಿಯನ್ನು ಬಿಡಿಸಿ ಹೇಳಬೇಕಿಲ್ಲ.

ಅದಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. ಜಪಾನಿನೊಳಗೇ ನಮ್ಮಂಥ ಜನ ಇದ್ದಾರೆ. ಅವರನ್ನು ಬುರಾಕುಮಿನ್ ಅನ್ನುತ್ತಾರೆ. ಅವರ ಹಿರಿಯರು ಸತ್ತ ದನ ಎತ್ತಿದವರು, ತೊಗಲು ಹದ ಮಾಡಿದವರು. ಬಣ್ಣ ಒಂದೇ, ಭಾಷೆ ಒಂದೇ, ಮುಖ ಒಂದೇ. ಆದರೂ ಬೇರೆ ಕೇರಿ, ಬೇರೆ ಬಾಳು. 1871ರಲ್ಲಿ ಸರಕಾರ ಆ ಕೀಳು ದರ್ಜೆಯನ್ನು ಕಾನೂನಿನಿಂದ ತೆಗೆದುಹಾಕಿತು. ಮರುವರ್ಷದ ಕುಟುಂಬ ನೋಂದಣಿಯಲ್ಲಿ ಅನೇಕ ಕಡೆ ಅವರ ಹೆಸರಿಗೆ "ಹೊಸ ಪ್ರಜೆ" ಎಂಬ ಗುರುತು ಬಿತ್ತು. ಕಾನೂನು ಅಳಿಸಿದ್ದನ್ನು ಕಾಗದ ಉಳಿಸಿತು. 1975ರಲ್ಲಿ, ಬುರಾಕು ಕೇರಿಗಳ ವಿಳಾಸಗಳ ಗುಪ್ತ ಪಟ್ಟಿಗಳನ್ನು ಕಂಪನಿಗಳು ಕೊಂಡುಕೊಳ್ಳುತ್ತಿದ್ದದ್ದು ಬಯಲಾಯಿತು. ಕೆಲಸ ಕೇಳಿ ಬಂದವನು ಯಾವ ಕೇರಿಯವನು ಅಂತ ನೋಡಲು ಆ ಪಟ್ಟಿ ಬೇಕಿತ್ತು. ನಮ್ಮಲ್ಲಿ ಅಡ್ಡಹೆಸರು ಕೇಳುತ್ತಾರೆ, ಅಲ್ಲಿ ವಿಳಾಸ ನೋಡಿದರು.

ಅಲ್ಲಿನ ಬೌದ್ಧ ವಿಹಾರಗಳು ಏನು ಮಾಡಿದವು? ಅಲ್ಲಿ ಸತ್ತವರಿಗೆ ಭಿಕ್ಖುಗಳು ಒಂದು ಧಮ್ಮದ ಹೆಸರು ಕೊಡುತ್ತಾರೆ. ಬುರಾಕು ಜನ ಸತ್ತಾಗ ಎಷ್ಟೋ ಕಡೆ ಆ ಹೆಸರಿನಲ್ಲೇ ಕೀಳುತನದ ಅಕ್ಷರ ಸೇರಿಸಿ, ಗೋರಿಯ ಕಲ್ಲಿನ ಮೇಲೆ ಕೆತ್ತಿಸಿದರು. ಸತ್ತ ಮೇಲೂ ಜಾತಿ ಬಿಡಲಿಲ್ಲ. 1979ರಲ್ಲಿ ಒಂದು ಅಂತರರಾಷ್ಟ್ರೀಯ ಧಾರ್ಮಿಕ ಸಮ್ಮೇಳನದಲ್ಲಿ ಸೋತೋ ಝೆನ್ ಪಂಥದ ಮುಖಂಡರೊಬ್ಬರು ಎದ್ದು ನಿಂತು ಜಪಾನಿನಲ್ಲಿ ಇಂಥ ಭೇದ ಇಲ್ಲ ಅಂದುಬಿಟ್ಟರು. ಬುರಾಕು ಜನ ಸುಮ್ಮನಿರಲಿಲ್ಲ. 1984ರಲ್ಲಿ ಅವರು ಆ ಮಾತು ಹಿಂತೆಗೆದುಕೊಂಡು ಕ್ಷಮೆ ಕೇಳಬೇಕಾಯಿತು. ಆ ಪಂಥವೂ ತನ್ನ ವಿಹಾರಗಳ ದಾಖಲೆ ತೆಗೆದು, ಅಂಥ ಹೆಸರುಗಳನ್ನು ಹುಡುಕಿ ಸರಿಪಡಿಸುವ ಕೆಲಸಕ್ಕೆ ಕೈಹಾಕಿತು.

ಇದನ್ನು ಜಪಾನನ್ನು ಹಳಿಯಲು ಹೇಳುತ್ತಿಲ್ಲ. ಅದೇ ಜಪಾನ್ ನಮಗೆ ಭಂತೆ ಸುರೈ ಸಸಾಯಿ ಅವರನ್ನು ಕೊಟ್ಟಿದೆ. 1960ರ ದಶಕದಲ್ಲಿ ಭಾರತಕ್ಕೆ ಬಂದು, ನಾಗಪುರದಲ್ಲಿ ನಮ್ಮವರ ನಡುವೆ ನಿಂತು, ಈ ದೇಶದ ಪೌರತ್ವ ಪಡೆದು, ಬೋಧಗಯಾ ಮಹಾವಿಹಾರದ ಮುಕ್ತಿಗಾಗಿ ಹೋರಾಡಿದ ಪರದೇಶಿ ಅವರು. ನಾನು ಹೇಳುವುದು ಇಷ್ಟೇ. ವಿಹಾರ ಇದ್ದ ಮಾತ್ರಕ್ಕೆ, ಬುದ್ಧನ ಹೆಸರು ಹೇಳಿದ ಮಾತ್ರಕ್ಕೆ ಜಾತಿ ತಾನಾಗಿ ಹೋಗುವುದಿಲ್ಲ. ಬಾಬಾಸಾಹೇಬರಿಗೆ ಇದು ಗೊತ್ತಿತ್ತು. ಅದಕ್ಕೇ 1956ರ ಅಕ್ಟೋಬರ್ 14ರಂದು ತ್ರಿಸರಣ ಪಂಚಶೀಲದ ಜೊತೆಗೆ 22 ಪ್ರತಿಜ್ಞೆಗಳನ್ನೂ ಕೊಟ್ಟರು.

ಮತ್ತೆ ಹುಡುಗಿಯ ಮಾತಿಗೆ ಬರುತ್ತೇನೆ. ಟೋಕಿಯೋದಲ್ಲಿ ನಿಶಿಕಸಾಯಿ ಎಂಬ ಭಾಗದಲ್ಲಿ ಭಾರತೀಯರು ಬಹಳ. ಯುಗಾದಿಗೆ ಅಲ್ಲಿನ ಒಂದು ಕನ್ನಡ ಮನೆಯವರು ಈಕೆಯನ್ನು ಊಟಕ್ಕೆ ಕರೆದರು. ಹೋಳಿಗೆ, ಬೇವು ಬೆಲ್ಲ, ಕನ್ನಡ ಮಾತು. ಆಕೆಗೆ ಕಣ್ಣು ತುಂಬಿತಂತೆ. ಊಟದ ನಡುವೆ ಮನೆಯ ಹಿರಿಯ ಹೆಂಗಸು ಪ್ರೀತಿಯಿಂದಲೇ ಕೇಳಿದರು: "ಧಾರವಾಡ ಕಡೆ ಅಂದ್ಯಲ್ಲಮ್ಮ, ನಿಮ್ಮದು ಯಾವ ಪೈಕಿ?" ಆರು ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ಆಚೆ, ಸಮುದ್ರ ದಾಟಿ, ಆ ಪ್ರಶ್ನೆ ತಾಟಿನ ಪಕ್ಕ ಬಂದು ಕೂತಿತು. ಈಕೆ ಹೇಳಿದ್ದು: "ನಾವು ಬೌದ್ಧರು."

ಆ ರಾತ್ರಿ ನನಗೆ ಸಂದೇಶ ಬಂತು. "ಸರ್, ನಾ ಸುಳ್ಳ ಹೇಳಿಲ್ಲ. ಆದ್ರ ಖರೇ ಪೂರ್ತಿ ಹೇಳಿದೆನೋ ಇಲ್ಲೋ ತಿಳಿವಲ್ದು. ನಾಲ್ಕನೇ ಶೀಲ ಮುರದಂಗ ಆತೇನ್ರಿ?"

ಬಂಧುಗಳೇ, ಈ ಪ್ರಶ್ನೆ ನಮ್ಮೆಲ್ಲರದು. ಬಸ್ಸಿನಲ್ಲಿ, ಹೊಸ ಆಫೀಸಿನಲ್ಲಿ, ಮದುವೆಯ ಊಟದ ಪಂಕ್ತಿಯಲ್ಲಿ ನಾವೂ ಇದನ್ನು ಎದುರಿಸಿದ್ದೇವೆ. ನಾನು ಆಕೆಗೆ ಬರೆದ ಉತ್ತರವನ್ನು ನಿಮ್ಮ ಮುಂದೂ ಇಡುತ್ತೇನೆ.

ಮೊದಲ ಮಾತು. ಶೀಲ ಮುರಿಯಲಿಲ್ಲ. ಸುಳ್ಳು ಬೇರೆ, ಹೇಳದೆ ಇರುವುದು ಬೇರೆ. ನಿಜವಾದ ಮಾತನ್ನೂ ಹಿತ ನೋಡಿ, ಹೊತ್ತು ನೋಡಿ ಆಡಬೇಕು ಎಂಬುದು ಭಗವಾನರ ಉಪದೇಶ. ಕೇಳುವವನ ಕೈಯಲ್ಲಿ ಬಡಿಗೆ ಇರಬಹುದಾದಾಗ, ಉತ್ತರ ಕೊಡುವ ಹೊಣೆ ಕೇಳಿಸಿಕೊಂಡವನ ಮೇಲಿಲ್ಲ. ಪ್ರೀತಿಯಿಂದ ಕೇಳಿದರೂ ಆ ಪ್ರಶ್ನೆಯಲ್ಲಿ ಬಡಿಗೆಯ ನೆರಳಿದೆ. ತಲೆತಲಾಂತರದಿಂದ ಆ ಉತ್ತರ ಕೇಳಿದ ಮೇಲೆ ಮುಖಗಳು ಬದಲಾದದ್ದನ್ನು ನಾವು ನೋಡಿದ್ದೇವೆ. ಆದ್ದರಿಂದ ಯಾವ ನಮ್ಮ ಹುಡುಗ ಹುಡುಗಿಗೂ "ಹೋಗಿ ಜಾತಿ ಹೇಳು, ಧೈರ್ಯ ತೋರಿಸು" ಎಂದು ದೂರ ಕೂತು ಅಪ್ಪಣೆ ಮಾಡುವ ಹಕ್ಕು ನಮಗಿಲ್ಲ.

ಎರಡನೆಯ ಮಾತು. *ಬಿಡುವುದು ಬೇರೆ, ಮುಚ್ಚಿಡುವುದು ಬೇರೆ.* 1922ರ ಮಾರ್ಚ್ 3ರಂದು ಕ್ಯೋಟೋದಲ್ಲಿ ಬುರಾಕು ಜನ ಸೇರಿ "ಸುಯಿಹೇಶಾ" ಎಂಬ ಸಂಘ ಕಟ್ಟಿದರು. ಸುಯಿಹೇ ಅಂದರೆ ನೀರಿನ ಮಟ್ಟದಂತೆ ಸಮವಾದದ್ದು. ಯಾವ ಹೆಸರಿನಿಂದ ಲೋಕ ಅವರನ್ನು ಹಳಿಯಿತೋ ಆ ಹೆಸರನ್ನೇ ಅಭಿಮಾನದಿಂದ ಹೇಳಿಕೊಳ್ಳುವ ಕಾಲ ಬಂತೆಂದು ಅವರು ಘೋಷಿಸಿದರು. ಅದಾಗಿ ಐದೇ ವರ್ಷಕ್ಕೆ ಮಹಾಡ. ಬಾಬಾಸಾಹೇಬರು ಹಿಡಿದ ದಾರಿ ಬೇರೆ: ಆ ಹೆಸರನ್ನು ಹೇರಿದ ಧರ್ಮವನ್ನೇ ಬಿಟ್ಟರು. ಒಬ್ಬರು ಹೆಸರು ಎತ್ತಿ ಹಿಡಿದರು, ಒಬ್ಬರು ಇಳಿಸಿ ಬಂದರು. ಎರಡರಲ್ಲೂ ಒಂದು ಸಂಗತಿ ಸಮಾನ. ಇಬ್ಬರೂ ಲೋಕದ ಕಣ್ಣೆದುರು ಮಾಡಿದರು. ನಾಗಪುರದಲ್ಲಿ ಲಕ್ಷಾಂತರ ಜನರ ಮುಂದೆ, ಹಾಡಹಗಲೇ. ಹಾಗಾಗಿ "ನಾವು ಬೌದ್ಧರು" ಎಂಬ ಮಾತು ಪರದೆ ಆಗಬೇಕಿಲ್ಲ. ತಲೆ ತಗ್ಗಿಸಿ ಹೇಳಿದರೆ ಅದು ಪರದೆ. ಕಣ್ಣಲ್ಲಿ ಕಣ್ಣಿಟ್ಟು ಹೇಳಿದರೆ ಅದು ದೀಕ್ಷೆ. ಶಬ್ದ ಒಂದೇ. ಯಾವುದು ಆಯಿತು ಅಂತ ಹೇಳಿದವರ ಒಳಮನಸ್ಸಿಗೆ ಮಾತ್ರ ಗೊತ್ತು.

ಮೂರನೆಯ ಮಾತು. ಸಂಘದ ಸಮಾನತೆ ಯಾವ ಬಗೆಯದು ಎಂದು ನೋಡಬೇಕು. ಶಾಕ್ಯ ಕುಲದ ಅನುರುದ್ಧ, ಆನಂದ, ಭದ್ದಿಯ ಮೊದಲಾದವರು ಪಬ್ಬಜ್ಜೆಗೆ ಬಂದಾಗ ಅವರ ಜೊತೆ ಕ್ಷೌರಿಕ ಉಪಾಲಿ ಇದ್ದ. ತಮಗಿಂತ ಮೊದಲು ಉಪಾಲಿಗೇ ಪಬ್ಬಜ್ಜೆ ಕೊಡಿರಿ ಎಂದು ಆ ರಾಜಕುಮಾರರೇ ಕೇಳಿಕೊಂಡರು. ಮೊದಲು ಸೇರಿದವನಿಗೆ ಆಮೇಲೆ ಸೇರಿದವರು ನಮಿಸಬೇಕು. ಹಾಗೆ ತಮ್ಮ ಶಾಕ್ಯ ಅಹಂಕಾರ ಇಳಿಯಲಿ ಅಂತ. ಗಮನಿಸಿ, ಉಪಾಲಿ ಯಾರು ಅಂತ ಅಲ್ಲಿ ಎಲ್ಲರಿಗೂ ಗೊತ್ತಿತ್ತು. ಅವನು ಹೆಸರು ಬದಲಿಸಲಿಲ್ಲ, ಊರು ಬಿಟ್ಟು ಬಂದು ಬೇರೆಯವನಂತೆ ನಟಿಸಲಿಲ್ಲ. ಗೊತ್ತಿದ್ದವರೇ, ಗೊತ್ತಿದ್ದೂ, ಬಾಗಿದರು. *ಗೊತ್ತಿಲ್ಲದೆ ಸಿಗುವ ಸಮಾನತೆ ವಿಶ್ರಾಂತಿ. ಗೊತ್ತಿದ್ದೂ ಸಿಗುವ ಸಮಾನತೆ ಬಿಡುಗಡೆ.*

ವಿಶ್ರಾಂತಿಯನ್ನು ನಾನು ಕಡೆಗಣಿಸುವುದಿಲ್ಲ. ದಣಿದವರಿಗೆ ಅದು ಬೇಕು. ಆಕೆ ಅಲ್ಲಿ ನಿರಾಳವಾಗಿ ಉಸಿರಾಡಲಿ. ತನ್ನನ್ನು ಮನುಷ್ಯಳಂತೆ ಕಂಡರೆ ಬದುಕು ಹೇಗಿರುತ್ತದೆ ಎಂಬ ರುಚಿ ಒಮ್ಮೆ ನಾಲಗೆಗೆ ಹತ್ತಿದರೆ, ಆಮೇಲೆ ಕಡಿಮೆಗೆ ಒಪ್ಪುವುದು ಕಷ್ಟ. ಬಾಬಾಸಾಹೇಬರು ಕೊಲಂಬಿಯಾದಿಂದ ಪದವಿಯ ಜೊತೆಗೆ ಆ ರುಚಿಯನ್ನೂ ತಂದರು. ಅದೇ ಮುಂದೆ ಮಹಾಡ ಆಯಿತು.

ನದಿಗಳು ಸಮುದ್ರ ಸೇರಿದಾಗ ತಮ್ಮ ಹೆಸರು ಕಳೆದುಕೊಳ್ಳುತ್ತವೆ, ಸಂಘವೂ ಹಾಗೆ ಎಂದು ಭಗವಾನರು ಹೇಳಿದ್ದು ನಮಗೆ ಗೊತ್ತು. ನಮ್ಮ ಬೆಣ್ಣೆಹಳ್ಳವನ್ನು ನೋಡಿ. ಕುಂದಗೋಳ, ನವಲಗುಂದದ ಎರೆಹೊಲ ಹಾಯ್ದು ಮಲಪ್ರಭೆ ಸೇರುತ್ತದೆ. ಮಲಪ್ರಭೆ ಕೂಡಲಸಂಗಮದಲ್ಲಿ ಕೃಷ್ಣೆ ಸೇರುತ್ತದೆ. ಕೃಷ್ಣೆ ಸಮುದ್ರ ಸೇರುತ್ತದೆ. ಹಳ್ಳ ತನ್ನ ಹೆಸರನ್ನು ಎಲ್ಲೂ ಬಚ್ಚಿಡಲಿಲ್ಲ. ತುಂಬಿ ಹರಿಯಿತು, ಕೂಡಿತು, ಹೆಸರು ತಾನಾಗಿ ಬಿತ್ತು. ಬಚ್ಚಿಟ್ಟ ಹೆಸರು ಎಂದೂ ಬೀಳುವುದಿಲ್ಲ, ಎದೆಯಲ್ಲೇ ಉಳಿಯುತ್ತದೆ.

ಕೊನೆಯ ಮಾತು, ಸ್ವಲ್ಪ ಕಹಿ. "ಯಾವ ಪೈಕಿ" ಎಂಬ ಪ್ರಶ್ನೆಯನ್ನು ಬೇರೆಯವರು ಮಾತ್ರ ಕೇಳುತ್ತಾರೆಯೇ? ನಮ್ಮ ವಧು ವರರ ವಾಟ್ಸಪ್ ಗುಂಪುಗಳನ್ನು ತೆರೆಯಿರಿ. ಮೊದಲ ಸಾಲಿನಲ್ಲಿ "ಬೌದ್ಧ ಕನ್ಯೆ ಬೇಕು". ಮೂರನೆಯ ಸಾಲಿನಲ್ಲಿ ಒಳಜಾತಿ. ಎಡ, ಬಲ, ಸಮಗಾರ, ಡೋಹರ ಎಂಬ ಗೋಡೆಗಳನ್ನು ವಿಹಾರದ ಬಾಗಿಲಲ್ಲಿ ಚಪ್ಪಲಿ ಜೊತೆ ಬಿಟ್ಟು ಒಳಗೆ ಬರುತ್ತೇವೆ. ಹೋಗುವಾಗ ಚಪ್ಪಲಿ ಜೊತೆ ಮತ್ತೆ ಮೆಟ್ಟಿಕೊಳ್ಳುತ್ತೇವೆ. ಮೀಸಲಾತಿಯ ಕಾಗದಕ್ಕೆ ಜಾತಿಯ ಹೆಸರು ಬೇಕು, ಅದು ಹಕ್ಕಿನ ಮಾತು. ಅದರಲ್ಲಿ ನಾಚಿಕೆ ಇಲ್ಲ. ಆದರೆ ಮದುವೆಯ ಚಪ್ಪರಕ್ಕೆ ಯಾಕೆ ಬೇಕು? ಜಪಾನಿನ ವಿಹಾರಗಳು ಗೋರಿಯ ಕಲ್ಲಿನ ಮೇಲೆ ಕೆತ್ತಿದ್ದನ್ನು ನಾವು ಲಗ್ನಪತ್ರಿಕೆಯ ಹಿಂದೆ ಬರೆಯುತ್ತಿದ್ದೇವೆ. ಅವರು ದಾಖಲೆ ತೆಗೆದು ಸರಿಪಡಿಸಲು ಶುರುಮಾಡಿದರು. ನಮ್ಮ ದಾಖಲೆ ತೆಗೆಯುವವರು ಯಾರು?

ಯುಗಾದಿಯ ಆ ಮನೆಗೆ ಹುಡುಗಿ ಮತ್ತೆ ಹೋದಳೇ, ಏನು ಹೇಳಿದಳು ಎಂದು ನೀವು ಕೇಳಬಹುದು. ಅದು ಆಕೆಯ ಮಾತು, ಆಕೆಯೇ ಹೇಳಬೇಕು. ಹೇಳುವ ಹಕ್ಕೂ ಆಕೆಯದು, ಹೇಳದಿರುವ ಹಕ್ಕೂ ಆಕೆಯದು.

*ಇಂದಿನ ಸಂಕಲ್ಪ*

1. ಊರಿನಲ್ಲಿ ಎಲ್ಲರೂ ಏಕವಚನದಲ್ಲಿ ಕರೆಯುವ ಒಬ್ಬ ಹಿರಿಯರನ್ನು ಇಂದು ನಾವು "ರೀ" ಹಚ್ಚಿ ಮಾತಾಡಿಸೋಣ. ಮಕ್ಕಳೆದುರು ಮಾತಾಡಿಸೋಣ.

2. ಸಂಜೆ ಕೆಲಸ ಮುಗಿಸಿ ಬಂದವರಿಗೆ, ಮನೆಯಲ್ಲೇ ದುಡಿದವರಿಗೂ, "ಬಾಳ ದಣದ್ರಿ" ಅನ್ನೋಣ.

3. ಹೊಸಬರು ಭೇಟಿಯಾದಾಗ "ಯಾವ ಪೈಕಿ" ಅಂತ ನಾವು ಕೇಳುವುದಿಲ್ಲ, ನಮ್ಮವರನ್ನೂ ಕೇಳುವುದಿಲ್ಲ.

4. ನಮ್ಮ ಮನೆಯಲ್ಲಿ ಮದುವೆಗೆ ಬಂದ ಮಕ್ಕಳಿದ್ದರೆ, ಇಂದು ರಾತ್ರಿ ಊಟಕ್ಕೆ ಕೂತಾಗ ಒಳಜಾತಿಯ ಮಾತನ್ನು ತೆರೆದು ಚರ್ಚಿಸೋಣ.

ಮುಂದಿನ ಭಾನುವಾರದ ವಂದನೆಯ ನಂತರ ಇದರ ಮೇಲೆ ಮಾತಾಡೋಣ. ಒಪ್ಪದವರು ತಪ್ಪದೆ ಬನ್ನಿರಿ.

ಭವತು ಸಬ್ಬ ಮಂಗಲಂ.
ನಮೋ ಬುದ್ಧಾಯ. ಜೈ ಭೀಮ್ 🙏